ಆರುಮುಗಂ ಮಲಗುವ ಹೊತ್ತು

ಹಗಲಲ್ಲಿ ಮಲಗಿದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮನೆಯ ಒಲೆ ಉರಿಯುತ್ತಿದ್ದದ್ದು ಮಾತ್ರ ಅಂಥವರಿಂದಲೇ.

ಆಂಡರ್ಸನ್‌ಪೇಟೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಹೆಂಚಿನ ಮನೆ. ನಮ್ಮ ಯಜಮಾನರು ಚಿನ್ನದ ಗಣಿಯಲ್ಲಿ ದುಡಿದು ಕಟ್ಟಿಸಿದ್ದು. ಕಟ್ಟಿಸಿದವರು ಅದರಲ್ಲಿ ನೆಮ್ಮದಿಯಾಗಿ ಬಾಳಲಿಲ್ಲ. ಗಣಿಯ ದೂಳು ಎದೆಗಿಳಿದು ಕೆಮ್ಮಿ ಕೆಮ್ಮಿಯೇ ಸತ್ತರು. ಆ ಕಡೆಯ ವರ್ಷಗಳಲ್ಲಿ ಅವರು ಕೆಮ್ಮಿದರೂ ನನಗೆ ನಿದ್ದೆಯಿಲ್ಲ, ಕೆಮ್ಮು ನಿಂತರೂ ನಿದ್ದೆಯಿಲ್ಲ. ನಿಂತಾಗಲೇ ಹೆಚ್ಚು ಭಯ, ಎದ್ದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದೆ. ಅವರು ಹೋದ ಮೇಲೆ ಮನೆಯ ಸದ್ದು ಅಡಗಿತು, ನನ್ನ ಕಿವಿ ಅಡಗಲಿಲ್ಲ. ರಾತ್ರಿ ಇಲಿ ಓಡಿದರೂ ಎಚ್ಚರ. ಹಗಲು ನಿದ್ದೆಯನ್ನಂತೂ ಬ್ರಹ್ಮ ನನ್ನ ಹಣೆಯಲ್ಲಿ ಬರೆದೇ ಇರಲಿಲ್ಲ.

ಬೀದಿ ಕಡೆಗೆ ಬಾಗಿಲಿದ್ದ ಕೋಣೆಯನ್ನು ಗಣಿಯ ಆಳುಗಳಿಗೆ ಬಾಡಿಗೆಗೆ ಕೊಟ್ಟಿದ್ದೆ. ಆಳು ಮೂವರು, ಚಾಪೆ ಒಂದು. ಗಣಿಯಲ್ಲಿ ದಿನಕ್ಕೆ ಮೂರು ಶಿಫ್ಟಾದ್ದರಿಂದ ಅದು ಸಾಕಾಗುತ್ತಿತ್ತು. ರಾತ್ರಿ ಶಿಫ್ಟಿನವನು ಬೆಳಗ್ಗೆ ಬಂದು ಮಧ್ಯಾಹ್ನದ ತನಕ ಮಲಗುವನು. ಬೆಳಗಿನ ಶಿಫ್ಟಿನವನು ಮಧ್ಯಾಹ್ನ ಬಂದು, ಉಂಡು, ದೀಪ ಹಚ್ಚುವ ತನಕ ಮಲಗುವನು. ರಾತ್ರಿ ಚಾಪೆ ಮಧ್ಯಾಹ್ನದ ಶಿಫ್ಟಿನವನದು, ಮಿಕ್ಕವನು ಜಗಲಿಯ ಮೇಲೆ. ವಾರಕ್ಕೊಮ್ಮೆ ಅದಲುಬದಲು. ಹಿಂದಿನವನ ಬೆವರು ತನಗೆ ತಾಗಬಾರದೆಂದು ಬಂದವನು ಚಾಪೆಯನ್ನು ಮಗುಚಿ ಹಾಕಿಕೊಳ್ಳುತ್ತಿದ್ದ, ಅಷ್ಟೇ ಅವರ ಮಡಿ. ಮೂವರಿಗೂ ಅಡುಗೆ ನನ್ನದು. ಯಾವ ಹೊತ್ತಿನಲ್ಲಿ ನೋಡಿದರೂ ಯಾರಾದರೊಬ್ಬ ಮಲಗಿರುತ್ತಿದ್ದದ್ದರಿಂದ ನಾನು ಒರಳು ಕುಟ್ಟುವಂತಿಲ್ಲ, ಪಾತ್ರೆ ಕುಕ್ಕುವಂತಿಲ್ಲ. ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗೆ ಓಡಾಡುತ್ತಿದ್ದೆ.

ಆ ಮೂವರಲ್ಲಿ ಆರುಮುಗಂ ಗುಡಿಯಾತ್ತಂ ಕಡೆಯ ತಮಿಳಿನವನು. ಬಾಯಿ ದೊಡ್ಡದು, ಗೊರಕೆ ಅದಕ್ಕಿಂತ ದೊಡ್ಡದು. ಚಿಕ್ಕಮುನಿಯಪ್ಪ ಮಾತಿಗಿಂತ ಮುದ್ದೆಗೆ ಬಾಯಿ ತೆರೆಯುವವನು. ಜಯರಾಮಪ್ಪ ಬಂಗಾರಪೇಟೆ ಪಕ್ಕದ ಹಳ್ಳಿಯವನು. ಊರಲ್ಲಿ ತುಂಡು ಹೊಲ ಇತ್ತು, ಬಿಡುವು ಸಿಕ್ಕಿದರೆ ಸಾಕು, ಮಾರಿಕುಪ್ಪಂ ರೈಲು ಹತ್ತಿ ಅಲ್ಲಿಗೆ ಓಡುತ್ತಿದ್ದ. ಕೋದಂಡಪ್ಪ ನನ್ನ ಕೊರಳಿಗೆ ಬಿದ್ದದ್ದು ಈ ಜಯರಾಮಪ್ಪನ ದಯೆಯಿಂದ.

ಗಣಿಗಳು ಸರಕಾರದ ಕೈಗೆ ಬಂದು ಒಂದೆರಡು ವರ್ಷವಾಗಿತ್ತು. ಒಂದು ಬೆಳಗ್ಗೆ ಜಯರಾಮಪ್ಪ ತನ್ನೂರಿನ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ವೆಂಕಟರತ್ನಮ್ಮ ಅಂತ ಅವಳ ಹೆಸರು. ಅವಳು ಬಿಗಿಯಾಗಿ ಕೈ ಹಿಡಿದುಕೊಂಡಿದ್ದ ಗಂಡಸಿಗೆ ಮೂವತ್ತರ ಮೇಲಾಗಿತ್ತು. ತಲೆ ಬೋಳಿಸಿತ್ತು, ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ನಮ್ಮ ಮನೆಯ ಗೋಡೆಯನ್ನು ನೋಡಿಕೊಂಡು ತೆಲುಗಿನಲ್ಲಿ ಯಾರಿಗೋ ಗದರುತ್ತಿದ್ದ.

"ಅಕ್ಕಾ, ಇವ್ನು ನನ್ ತಮ್ಮ, ಕೋದಂಡಪ್ಪ ಅಂತ. ಬೆಂಗ್ಳೂರು ಆಸ್ಪತ್ರೆನಾಗಿದ್ದ. ಈಗ ಮನೆಗೆ ಕರ್ಕೊಂಡೋಗಮ್ಮ, ಒಬ್ಬನ್ನೇ ಮಾತ್ರ ಬಿಡ್ಬ್ಯಾಡ ಅಂದ್ರು ಡಾಕ್ಟ್ರು. ಮನೆ ಎಲ್ಲೈತಕ್ಕಾ ಕರ್ಕೊಂಡೋಗಕ್ಕೆ?" ಎಂದಳು.

ತಂದೆ ತಾಯಿ ಇಲ್ಲ. ಅವರಿದ್ದ ಮನೆ ಮಳೆಗೆ ಕುಸಿದು ಮಣ್ಣಾಗಿದೆ. ಇವಳ ಗಂಡನ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ. ರಾತ್ರಿಯೆಲ್ಲ ಗೋಡೆಯ ಕೂಡೆ ಜಗಳವಾಡುವ ಸೋದರಮಾವನಿದ್ದರೆ ಹೆಣ್ಣು ನೋಡಲು ಯಾರು ಬರುತ್ತಾರೆ? ಹಾಗಾಗಿ ಕೋದಂಡಪ್ಪ ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಬಿದ್ದಿರುತ್ತಿದ್ದ. ಅಕ್ಕ ಅನ್ನ ಕಟ್ಟಿಕೊಂಡು ಹೋಗಿ ಹುಡುಕಬೇಕು. ಸಿಕ್ಕಿದ ದಿನ ಉಣ್ಣುತ್ತಾನೆ, ಸಿಗದ ದಿನ ಯಾರದೋ ಕಲ್ಲಿನ ಏಟು ತಿಂದಿರುತ್ತಾನೆ.

"ನಮ್ಮೋರು ಕೆಟ್ಟೋರಲ್ಲಕ್ಕಾ. ಅವ್ರಿಗೂ ಸಾಕಾಗೈತೆ. ಎಲ್ಲೂ ಆಗ್ಲಿಲ್ಲಾಂದ್ರೆ ತಿರ್ಗಾ ಬೆಟ್ಟದ ಗುಡಿತಾವ ಕಟ್ಟಾಕ್ಬುಡ್ತೀನಿ ಅಂತವ್ರೆ," ಎಂದು ಅವಳು ತಮ್ಮನ ಪಂಚೆಯ ಅಂಚನ್ನು ಸ್ವಲ್ಪ ಎತ್ತಿದಳು.

ಬಲಗಾಲಿನ ಹರಡಿನ ಸುತ್ತ ಕಪ್ಪಗೆ ಬಳೆಯಂಥ ಕಲೆ ಇತ್ತು. ಆಂಧ್ರದ ಗಡಿ ಕಡೆ ಅಂಥದೊಂದು ಗುಡಿ ಇದೆಯೆಂದು ಕೇಳಿದ್ದೆ. ತಲೆ ಕೆಟ್ಟವರನ್ನು ಕಂಬಕ್ಕೆ ಸರಪಣಿ ಹಾಕಿ ಬಿಟ್ಟುಬರುತ್ತಾರೆ, ಸ್ವಾಮಿ ಕನಸಿಗೆ ಬಂದು ಬಿಡಿಸುವ ತನಕ. ಇವನ ಕನಸಿಗೆ ಸ್ವಾಮಿ ಬಂದಿರಲಿಲ್ಲ, ಕಾಲಿಗೆ ಹುಳ ಬಿದ್ದಿತ್ತಂತೆ.

ಅದನ್ನು ನೋಡಿ ನನಗೆ ಪಾಪ ಅನ್ನಿಸಿದ್ದು ನಿಜ. ಆದರೂ, "ಇದು ಛತ್ರ ಅಲ್ಲಮ್ಮ. ಮೂರು ಜನಕ್ಕೆ ಬೇಯ್ಸಾಕಿ ನನ್ ಸೊಂಟ ಬಿದ್ದೋಗೈತೆ," ಎಂದುಬಿಟ್ಟೆ. ಹೇಳಿ ತಿರುಗಿ ನೋಡಿದರೆ ಕೋದಂಡಪ್ಪ ಅಲ್ಲಿಲ್ಲ.

ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಆರುಮುಗಂ ರಾತ್ರಿ ಶಿಫ್ಟು ಮುಗಿಸಿ ಬಂದು ಹೆಂಚು ಅದುರುವ ಹಾಗೆ ಗೊರಕೆ ಹೊಡೆಯುತ್ತಿದ್ದ. ಕೋದಂಡಪ್ಪ ಹೊಸಿಲ ಮೇಲೆ ನಿಂತು ಆ ಸದ್ದಿಗೆ ಕಿವಿ ಕೊಟ್ಟಿದ್ದ. "ನೇನು ರಾನು, ಪೋ," ಎಂದು ಇನ್ನೊಮ್ಮೆ ಗದರಿದ. ನಾನು ಬರೋಲ್ಲ, ಹೋಗು ಎಂದು. ಆಮೇಲೆ ದನಿ ತಗ್ಗಿತು. ಮೆಲ್ಲಗೆ ಒಳಗೆ ಹೋಗಿ ಮೂಲೆಯಲ್ಲಿ ಮಂಡಿ ಮಡಿಚಿ ಕೂತ. ತುಟಿ ಇನ್ನೊಂದಷ್ಟು ಹೊತ್ತು ಅಲ್ಲಾಡಿ ನಿಂತುಹೋಯಿತು.

ವೆಂಕಟರತ್ನಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಮನೆನಾಗೆ ಉಳ ಮೇಯೋವಾಗ ಇಂಗೇ ಸುಮ್ಕಾಗ್ತಿದ್ದ ಅಕ್ಕಾ!"

ಅವರದು ರೇಷ್ಮೆ ಸಾಕುವ ಮನೆತನ. ಬೆಳೆದ ಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಮನೆಯೊಳಗೆ ಸೋನೆ ಮಳೆ ಬಿದ್ದಂತೆ ಸದ್ದು. ತಲೆ ನೆಟ್ಟಗಿದ್ದ ಕಾಲದಲ್ಲಿ ಹುಳಗಳ ಕಾವಲು ಕೋದಂಡಪ್ಪನದೇ ಆಗಿತ್ತಂತೆ. ಸೊಪ್ಪು ಹಾಕುವುದು, ಕಸ ತೆಗೆದು ತಟ್ಟೆ ಬದಲಿಸುವುದು. ಅವನ ಕಿವಿಯಲ್ಲಿ ಯಾರೋ ಬಾ ಬಾ ಎಂದು ಕರೆಯಲು ಶುರುವಾದ ಮೇಲೂ ಹುಳದ ಸದ್ದಿರುವಷ್ಟು ಹೊತ್ತು ಆ ಕರೆ ಕೇಳಿಸುತ್ತಿರಲಿಲ್ಲವಂತೆ. ಹುಳ ಗೂಡು ಕಟ್ಟಿ ಮನೆ ಸದ್ದಡಗಿದರೆ ಮತ್ತೆ ಶುರು.

ನಾನು ಜಗಳವಾಡಬೇಕಾಗಿತ್ತು. ಆಡಲು ತ್ರಾಣವಿರಲಿಲ್ಲ, ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. "ಒಂದು ವಾರ ನೋಡಾನ, ಇರ್ಲಿ," ಎಂದೆ. ಬೇಲಿ ಮೇಲಿನ ಓತಿಕ್ಯಾತನನ್ನು ಕರೆದು ಮೈಮೇಲೆ ಬಿಟ್ಟುಕೊಂಡ ಹಾಗಾಯಿತಲ್ಲ ಎಂದು ಸಾರು ಇಳಿಸುವಾಗಲೇ ಅನ್ನಿಸಿತು.

ಮಧ್ಯಾಹ್ನ ಆರುಮುಗಂ ಎದ್ದವನು ಕಣ್ಣುಜ್ಜಿಕೊಂಡು ಮೂಲೆ ನೋಡಿ ಬೆಚ್ಚಿದ. ಎಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕ. "ನನ್ನ ಗೊರಕೆಗೆ ಎದ್ರಿ ನನ್ ಎಂಡ್ತಿ ತೌರುಮನೆ ಸೇರ್ಕೊಂಡ್ಳು ಅಕ್ಕಾ. ಇವನ್ನ ಪಾರು, ನೋಡಿಲ್ಲಿ, ಸಂಗೀತ ಕೇಳ್ದಂಗೆ ಕುಂತವ್ನೆ! ಇರ್ಲಿ ಬಿಡು ತಂಬಿ, ಇಲ್ಲೇ ಇರು."

ಒಂದು ವಾರವೆಂದದ್ದು ವರ್ಷ ದಾಟಿತು.

ನಮ್ಮ ಕಡೆ ಒಂದು ಮಾತಿದೆ, ಹತ್ತಾಳಿಗೆ ಹುಲ್ಲುಕಡ್ಡಿ, ಒಬ್ಬಾಳಿಗೆ ತಲೆಹೊರೆ ಎಂದು. ವೆಂಕಟರತ್ನಮ್ಮನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೊಲಕ್ಕೆ ಹೋಗುತ್ತಿದ್ದರು, ಆಗ ಇವನೊಬ್ಬನೇ. ಎಲ್ಲರೂ ಒಟ್ಟಿಗೆ ಮಲಗುತ್ತಿದ್ದರು, ಆಗ ಇವನ ಗಲಾಟೆಗೆ ಎಲ್ಲರ ನಿದ್ದೆಯೂ ಹಾಳು. ನನ್ನ ಕೋಣೆಯಲ್ಲಿ ಆ ತಾಪತ್ರಯವಿಲ್ಲ. ಸದಾ ಒಬ್ಬ ಮಲಗಿರುತ್ತಾನೆ, ಗಣಿಯ ಆಯಾಸಕ್ಕೆ ಅವನ ಕಿವಿಯ ಪಕ್ಕ ಡೋಲು ಬಡಿದರೂ ಏಳುವುದಿಲ್ಲ. ಅವನು ಇವನಿಗಾಗಿ ಏನೂ ಮಾಡಬೇಕಾಗಿಲ್ಲ, ಉಸಿರಾಡಿದರೆ ಸಾಕು. ಆ ಉಸಿರು ಕಿವಿಗೆ ಬೀಳುತ್ತಿದ್ದರೆ ಕೋದಂಡಪ್ಪ ಮೂಲೆಯಲ್ಲಿ ತಣ್ಣಗಿರುತ್ತಿದ್ದ. ರಾತ್ರಿ ಅಲ್ಲೇ ಮುದುರಿಕೊಂಡು ತಾನೂ ಒಂದಿಷ್ಟು ಮಲಗುತ್ತಿದ್ದ. ಎಚ್ಚರವಿರುವವರ ಕಣ್ಣು ಮಾತ್ರ ಅವನಿಗೆ ಆಗದು. ಅಕ್ಕಿ ಆರಿಸುವ ನೆಪದಲ್ಲಿ ನಾನು ಒಂದೆರಡು ಸಲ ಕೋಣೆಯಲ್ಲಿ ಕೂತು ನೋಡಿದ್ದೆ. ನಾನು ನೋಡುತ್ತಿದ್ದೇನೆಂದು ಅವನ ಗದರಾಟ ಇನ್ನೂ ಜೋರಾಯಿತು.

ವಾಸಿಯಾದನೆಂದು ಹೇಳುತ್ತಿಲ್ಲ. ಮಾತ್ರೆಯನ್ನು ಮುದ್ದೆಯ ಕಡೆಯ ತುತ್ತಿನ ಜೊತೆ ಕಣ್ಣೆದುರಿಗೇ ನುಂಗಿಸಬೇಕಿತ್ತು. ಸ್ನಾನವೆಂದರೆ ಯುದ್ಧ. ಕೆಲವು ದಿನ ಸಾರಿನಲ್ಲಿ ಸೂಜಿ ಹಾಕಿದ್ದೀಯೆಂದು ತಟ್ಟೆ ತಳ್ಳುತ್ತಿದ್ದ. "ಇದ್ದ ಒಂದು ಸೂಜಿ ಕಳ್ದೋಗಿ ವರ್ಷ ಆಯ್ತು, ರವಿಕೆ ಒಲ್ಕಳಕ್ಕೇ ಇಲ್ಲ, ನಿನ್ ಸಾರಿಗೆಲ್ಲಿಂದ ತರ್ಲಿ? ಉಣ್ಣಲಾ ಸುಮ್ಕೆ!" ಎನ್ನುತ್ತಿದ್ದೆ. ಉಣ್ಣುತ್ತಿದ್ದ.

ಒಂದು ಭಾನುವಾರ ಮಾತ್ರ ಎಡವಟ್ಟಾಯಿತು. ಶಿಫ್ಟು ಬದಲಾಗುವ ದಿನ, ಗಣಿಗೆ ರಜೆ. ಮೂವರೂ ಇನ್ನೊಬ್ಬ ಮಲಗಿರುತ್ತಾನೆಂದುಕೊಂಡು ಒಬ್ಬೊಬ್ಬರೇ ಎದ್ದು ಹೋಗಿದ್ದರು. ನಾನು ರಾಬರ್ಟ್‌ಸನ್‌ಪೇಟೆಯ ಸಂತೆಯಿಂದ ಬಂದರೆ ಕೋಣೆ ಭಣಭಣ. ಕೋದಂಡಪ್ಪ ರೈಲು ಕಂಬಿ ಹಿಡಿದು ಬಂಗಾರಪೇಟೆ ಕಡೆ ನಡೆದುಬಿಟ್ಟಿದ್ದ. ಚಿಕ್ಕಮುನಿಯಪ್ಪ ಓಡಿಹೋಗಿ ಹಿಡಿದು ತಂದ. ಅಂದು ಮೂವರಿಗೂ ಅವರವರ ಅಮ್ಮನೂ ಬೈದಿರದಷ್ಟು ಬೈದೆ. ಆರುಮುಗಂ ತಲೆ ಕೆರೆದುಕೊಂಡು, "ಗಣಿ ಒಳಗೆ ಮಾಡ್ತೀವಲ್ಲ ಅಕ್ಕಾ, ಇಲ್ಲೂ ಅಂಗೇ ಮಾಡಾನ. ಬರೋ ಆಳು ಬಂದು ಮುಖ ತೋರ್ಸೋ ತನ್ಕ ಇರೋ ಆಳು ಜಾಗ ಬಿಡೋದಿಲ್ಲ," ಎಂದ. ಅಂದಿನಿಂದ ಅದೇ ಕಟ್ಟಳೆ. ಒಬ್ಬ ಬಂದು ಬಾಗಿಲಲ್ಲಿ ನಿಂತ ಮೇಲೇ ಇನ್ನೊಬ್ಬ ಏಳುವುದು.

ಕೋದಂಡಪ್ಪ ತನ್ನ ಪಾಲಿನ ಕೆಲಸವನ್ನು ತಾನೇ ಹುಡುಕಿಕೊಂಡ. ಯಾರೂ ಹೇಳಿಕೊಡಲಿಲ್ಲ. ಶಿಫ್ಟಿಗೆ ಮೊದಲು ಗಣಿಯ ಸೈರನ್ ಕೂಗುತ್ತದಲ್ಲ, ನಾವೆಲ್ಲ ಸಂಗು ಅನ್ನುವುದು, ಅದು ಕೂಗಿದೊಡನೆ, ಸಂಜೆಯಾದರೆ ದೀಪ ಹಚ್ಚುವ ಹೊತ್ತಿಗೆ, ಮಲಗಿದವನ ಕಾಲಿನ ಹೆಬ್ಬೆರಳು ಮುಟ್ಟಿ "ಸಂಗು" ಎನ್ನುತ್ತಿದ್ದ. ಬದುಕಿರುವ ಮನುಷ್ಯರ ಜೊತೆ ಅವನಾಗಿ ಆಡುತ್ತಿದ್ದದ್ದು ಅದೊಂದೇ ಮಾತು. ಮಲಗಿದ್ದವನು ಎದ್ದು ಹೋದ ಮೇಲೆ ಚಾಪೆ ಕೊಡವಿ, ಮಗುಚಿ ಹಾಸಿ, ಮುಂದೆ ಬರುವವನ ಟವಲನ್ನು ಮಡಿಸಿ ತಲೆ ಕಡೆ ಇಡುತ್ತಿದ್ದ. ಯಾರದು ಯಾವ ಟವಲೆಂಬುದರಲ್ಲಿ ಒಂದು ಸಲವೂ ತಪ್ಪಿದವನಲ್ಲ. ಆರುಮುಗಂನದು ಕೆಂಪು ಅಂಚಿನದು.

ಆ ವಾರ ಆರುಮುಗಂನದು ಬೆಳಗಿನ ಶಿಫ್ಟು.

ಮಧ್ಯಾಹ್ನಕ್ಕೆ ಮುಂಚೆ ಕಾಲ ಕೆಳಗೆ ನೆಲ ನಡುಗಿತು. ಗೂಡಿನಲ್ಲಿದ್ದ ಲೋಟಗಳು ಗಲಗಲ ಅಂದವು, ಹಿತ್ತಾಳೆ ಚೊಂಬು ಉರುಳಿ ಬಿತ್ತು. ಆ ನಡುಕ ಆಂಡರ್ಸನ್‌ಪೇಟೆಯ ಹೆಂಗಸರಿಗೆಲ್ಲ ಗೊತ್ತು. ಒಳಗೆಲ್ಲೋ ಬಂಡೆ ಸಿಡಿದಿದೆ ಎಂದರ್ಥ. ಎಲ್ಲರೂ ಬೀದಿಗೆ ಬಂದು ಗಣಿಯ ಕಡೆ ಮುಖ ಮಾಡಿ ನಿಂತೆವು. ಸಂಗು ಹೊತ್ತಲ್ಲದ ಹೊತ್ತಿನಲ್ಲಿ ಕೂಗಿತು. ಮಲಗಿದ್ದ ಚಿಕ್ಕಮುನಿಯಪ್ಪ ಬನಿಯನ್ನಿನಲ್ಲೇ ಎದ್ದು ಓಡಿದ.

ನಾನು ಒಳಗೆ ಬಂದಾಗ ಕೋದಂಡಪ್ಪ ಚಾಪೆ ಮಗುಚಿ ಹಾಸಿ, ಕೆಂಪು ಅಂಚಿನ ಟವಲು ಮಡಿಸಿ ಇಟ್ಟು ಕಾಯುತ್ತಿದ್ದ. ಹೊತ್ತು ಇಳಿದರೂ ಹಾಗೇ ಕೂತಿದ್ದ. ದೀಪ ಹಚ್ಚುವ ಹೊತ್ತಿಗೆ ಜಯರಾಮಪ್ಪ ಬಂದು ಜಗಲಿಯ ಮೇಲೆ ಕುಸಿದು, "ಆರುಮುಗಂ ಓದ ಕಣಕ್ಕ," ಎಂದ.

ಆರುಮುಗಂ ಕಡೆಯವರು ಬಂದರು, ಟ್ರಂಕು ತೆಗೆದುಕೊಂಡು ಹೋದರು. ಟವಲು ಕೋದಂಡಪ್ಪನ ಮಡಿಲಲ್ಲಿತ್ತು, ಯಾರೂ ಕೇಳಲಿಲ್ಲ. ನಾನು ಅಳಲಿಲ್ಲ. ಅಳುವುದಕ್ಕೂ ಒಂದು ಕಡೆ ಕೂರಬೇಕಲ್ಲ, ಬಂದವರಿಗೆಲ್ಲ ಬೇಯಿಸುವುದರಲ್ಲೇ ದಿನಗಳು ಹೋದವು.

ಮೂರು ಕಾಲಿನಲ್ಲಿ ಒಂದು ಮುರಿದರೆ ಸ್ಟೂಲು ನಿಲ್ಲುತ್ತದೆಯೇ? ಉಳಿದ ಇಬ್ಬರು ತಮ್ಮೊಳಗೆ ಏನೆಲ್ಲ ಹೊಂದಿಸಿಕೊಂಡರೂ ಉಂಡಾದ ಮೇಲಿನ ಹೊತ್ತಿನಿಂದ ದೀಪ ಹಚ್ಚುವ ತನಕ ಕೋಣೆ ಬರಿದು. ಒಬ್ಬ ಗಣಿಯಲ್ಲಿ, ಇನ್ನೊಬ್ಬ ಹೊರಗಿನ ಯಾವುದೋ ಕೆಲಸದಲ್ಲಿ. ಶಿಫ್ಟು ಬದಲಾದರೂ ಕೋದಂಡಪ್ಪನಿಗೆ ಮಾತ್ರ ಆರುಮುಗಂ ಮಲಗುವ ಹೊತ್ತು ಅಲ್ಲೇ ನಿಂತುಬಿಟ್ಟಿತ್ತು. ದಿನಾ ಚಾಪೆ ಮಗುಚುತ್ತಿದ್ದ, ಟವಲು ಇಡುತ್ತಿದ್ದ, ಕಾಯುತ್ತಿದ್ದ. ಉಸಿರಿನ ಸದ್ದಿಲ್ಲ. ಮೊದಲು ತುಟಿ ಅಲ್ಲಾಡುವುದು, ಆಮೇಲೆ ಗದರುವುದು, ಆಮೇಲೆ ಗೋಡೆಗೆ ಹಣೆ ಬಡಿದುಕೊಳ್ಳುವುದು. ನಾನು ಅಡುಗೆಮನೆಯಿಂದ ಓಡಿಬಂದು ಹಿಡಿದುಕೊಳ್ಳಬೇಕು. ಹಿಡಿದರೆ ಇನ್ನೂ ಒದ್ದಾಡುತ್ತಿದ್ದ.

ಹೊಸ ಬಾಡಿಗೆಯವರನ್ನು ಹುಡುಕಿದೆ. ಒಂದಿಬ್ಬರು ಬಾಗಿಲಲ್ಲೇ ನಿಂತು ನೋಡಿ ಹೋದರು. "ಒಂದ್ ಕಡೆ ಸತ್ತೋನ ಚಾಪೆ, ಒಂದ್ ಕಡೆ ತಲೆ ಕೆಟ್ಟೋನು. ಎಂಗಮ್ಮ ಮಲ್ಗಾದು?" ಎಂದ ಒಬ್ಬ. ಇನ್ನೊಬ್ಬ ಧೈರ್ಯದವನು ಒಳಗೆ ಕಾಲಿಟ್ಟ. ಕಾಲಿಟ್ಟದ್ದು ಮಗುಚಿದ ಚಾಪೆಯ ಮೇಲೆ, ಚಪ್ಪಲಿ ಸಮೇತ. ಕೋದಂಡಪ್ಪ ಎದ್ದು ಅವನ ಎದೆಗೆ ಕೈಯಿಟ್ಟು ತಳ್ಳಿದ. ಆ ಮನುಷ್ಯ ಬೀದಿಗೆ ಬಿದ್ದು ಮೊಣಕೈ ಸುಲಿದುಕೊಂಡ. ಬೀದಿಯವರೆಲ್ಲ ಸೇರಿದರು. ಇಷ್ಟು ದಿನ ಕೈ ಎತ್ತದವನು ಈಗ ಎತ್ತಿದ್ದಾನೆ, ನಾಳೆ ನಮ್ಮ ಮಕ್ಕಳ ಗತಿಯೇನು ಎಂದರು.

ಆ ರಾತ್ರಿ ನಾನು ಜಯರಾಮಪ್ಪನಿಗೆ ಹೇಳಿದೆ. "ನನ್ ಕೈಲಿ ಆಗಲ್ಲ ಕಣಪ್ಪ. ಅವ್ನ ಭಾವುನ್ಗೆ ಯೋಳು, ಬಂದು ಕರ್ಕೊಂಡೋಗ್ಲಿ." ಬಂದವನು ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆಂದು ನನಗೂ ಗೊತ್ತಿತ್ತು, ಜಯರಾಮಪ್ಪನಿಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಲಿಲ್ಲ.

ದೊಡ್ಡವೆಂಕಟಪ್ಪ, ಅಂದರೆ ವೆಂಕಟರತ್ನಮ್ಮನ ಗಂಡ, ವಾರ ಕಳೆದು ಮಧ್ಯಾಹ್ನದ ಬಿಸಿಲಿನಲ್ಲಿ ಬಂದ. ರಾಕ್ಷಸನಂಥವನು ಬರುತ್ತಾನೆಂದುಕೊಂಡಿದ್ದೆ. ಬಂದದ್ದು ಕಣ್ಣು ಗುಳಿಬಿದ್ದ ಬಡಕಲು ಮನುಷ್ಯ. ಜಗಲಿಯ ಮೇಲೆ ಕೂತು ಗೋಣಿಚೀಲವನ್ನು ಪಕ್ಕಕ್ಕಿಟ್ಟ. ಚೀಲದೊಳಗೆ ಕಬ್ಬಿಣ ಸದ್ದು ಮಾಡಿತು. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನದನ್ನು ನೋಡಲಿಲ್ಲ. ನೀರು ಕೊಟ್ಟೆ.

"ಸಾಯಂಕಾಲದ ರೈಲಿಗೆ ಓಗ್ಬೇಕಕ್ಕ. ಮನೆನಾಗೆ ಉಳ ಕಡೇ ಜ್ವರಕ್ಕೆ ಕೂತವೆ. ಅವು ಏಳೋವೊತ್ಗೆ ಸೊಪ್ಪು ರೆಡಿ ಇರ್ಬೇಕು. ನಾನು ನೆಟ್ಗೆ ಮಲ್ಗಿ ಎಷ್ಟು ದಿನ ಆಯ್ತೋ," ಎಂದ.

ಜ್ವರಕ್ಕೆ ಕೂರುವುದೆಂದರೆ ಕಾಯಿಲೆಯಲ್ಲ. ಬೆಳೆಯುವ ಹುಳ ನಡುನಡುವೆ ಸೊಪ್ಪು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ನಿದ್ದೆ ಹೋಗುತ್ತದೆ. ಎದ್ದಾಗ ಹಳೇ ತೊಗಲು ಕಳಚಿರುತ್ತದೆ. ಆ ನಿದ್ದೆಯಲ್ಲಿ ಅದನ್ನು ಮುಟ್ಟಿದರೆ, ಕದಲಿಸಿದರೆ ಬೆಳೆ ಕೆಡುತ್ತದೆ. ಅಂಥ ದಿನಗಳಲ್ಲಿ ರೇಷ್ಮೆ ಮನೆಯವರು ತಟ್ಟೆಯ ಹತ್ತಿರ ಜೋರಾಗಿ ಮಾತೂ ಆಡುವುದಿಲ್ಲವೆಂದು ವೆಂಕಟರತ್ನಮ್ಮ ಒಮ್ಮೆ ಹೇಳಿದ್ದಳು.

"ಕೂತಿರಪ್ಪ, ಅವನ ಬಟ್ಟೆ ಕಟ್ಟಿ ಕೊಡ್ತೀನಿ," ಎಂದು ಕೋಣೆಗೆ ಹೋದೆ.

ಕೋದಂಡಪ್ಪ ಆಗ ತಾನೇ ಚಾಪೆ ಮಗುಚಿ ಹಾಸಿದ್ದ. ಸುಕ್ಕಿಲ್ಲದ ಹಾಗೆ ಅಂಗೈಯಲ್ಲಿ ಸವರಿ, ಕೆಂಪು ಅಂಚಿನ ಟವಲು ತಲೆ ಕಡೆ ಇಟ್ಟು ಮೂಲೆಗೆ ಸರಿದಿದ್ದ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ರಾನು, ರಾನು, ರಾನು," ಎನ್ನುತ್ತಿದ್ದ. ಅವನ ಬಟ್ಟೆಯ ಗಂಟು ಚಾಪೆಯ ಆಚೆ ಗೋಡೆಯ ಪಕ್ಕ ಇತ್ತು. ಅದಕ್ಕೆ ಕೈ ಚಾಚಲು ಬಗ್ಗಿದೆ. ಮಂಡಿ ಹಿಡಿದುಕೊಂಡಿತು. ಚಾಪೆಯ ಅಂಚಿನಲ್ಲಿ ಕೂತೆ. ಕೂತವಳಿಗೆ ಏಳಲು ಮನಸ್ಸಾಗಲಿಲ್ಲ.

ಎಷ್ಟು ವರ್ಷವಾಗಿತ್ತೋ ಹಾಗೆ ನೆಲದ ಮೇಲೆ ಸುಮ್ಮನೆ ಕೂತು. ಕಾಲು ಊದಿಕೊಂಡಿತ್ತು. ಒಲೆಯ ಮುಂದೆ ನಿಂತದ್ದು, ಕೆಮ್ಮಿಗೆ ಎದ್ದದ್ದು, ಬೀದಿಯಲ್ಲಿ ನಿಂತು ಸತ್ತವರ ಹೆಸರು ಕೇಳಿದ್ದು, ಎಲ್ಲ ಒಟ್ಟಿಗೆ ಮೈಗೆ ಇಳಿಯಿತು. ಕೋದಂಡಪ್ಪ ಎದ್ದು ನಿಂತ. ನನ್ನ ತಲೆಯ ಮೇಲೆಯೇ ನಿಂತಿದ್ದ. ಮೊಣಕೈ ಸುಲಿದುಕೊಂಡ ಆ ಮನುಷ್ಯ ನೆನಪಾದ. ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಅವನ ಮೇಲಲ್ಲ, ಯಾರ ಮೇಲೆಂದು ಹೇಳಲಾರೆ.

"ತಳ್ಳೋದಾದ್ರೆ ತಳ್ಳು ಕಣ್ಲಾ. ನನ್ಗೆ ಏಳಕ್ಕಾಗಲ್ಲ," ಎಂದು ಆರುಮುಗಂನ ಟವಲಿನ ಮೇಲೆ ತಲೆಯಿಟ್ಟು ಉರುಳಿಕೊಂಡೆ.

ಟವಲಿನಲ್ಲಿ ಇನ್ನೂ ಅವನ ಬೀಡಿಯ ವಾಸನೆ ಇತ್ತು. ಆಗ ಅಳು ಬಂತು. ಬೀದಿಗೆ ತೆರೆದ ಬಾಗಿಲು, ಗಂಡಸರು ಮಲಗುವ ಚಾಪೆ, ಅದರ ಮೇಲೆ ಹಗಲು ಹೊತ್ತಿನಲ್ಲಿ ವಿಧವೆ. ನೋಡಿದವರು ನೋಡಿಕೊಳ್ಳಲಿ. ಗೋಡೆ ಕಡೆ ತಿರುಗಿ ಆರುಮುಗಂಗಾಗಿ ಅತ್ತೆ, ಯಜಮಾನರಿಗಾಗಿ ಅತ್ತೆ. ಬೆನ್ನ ಹಿಂದೆ "ರಾನು, ರಾನು" ಕೇಳುತ್ತಲೇ ಇತ್ತು. ಅದು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ.

ಕಾಲಿನ ಹೆಬ್ಬೆರಳನ್ನು ಯಾರೋ ಮುಟ್ಟಿದರು.

"ಸಂಗು."

ಕಣ್ಣು ಬಿಟ್ಟರೆ ಕೋಣೆ ಕತ್ತಲಾಗುತ್ತಿತ್ತು. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಾಯಿ ಒಣಗಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಕೋದಂಡಪ್ಪ ನನ್ನ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಮುಖ ತಿಳಿಯಾಗಿತ್ತು.

ದಡಬಡನೆ ಎದ್ದು ಜಗಲಿಗೆ ಬಂದೆ. ದೊಡ್ಡವೆಂಕಟಪ್ಪನಿಲ್ಲ, ಚೀಲವಿಲ್ಲ. ಹೊರಗಿನ ಕೆಲಸ ಮುಗಿಸಿ ಬಂದಿದ್ದ ಚಿಕ್ಕಮುನಿಯಪ್ಪ ಹಸಿದ ಮುಖ ಮಾಡಿಕೊಂಡು ಕೂತಿದ್ದ.

"ಅವ್ನು ಎಲ್ಲೋದ?" ಎಂದೆ.

"ರೈಲಿಗೋದ ಅಕ್ಕಾ. ನಾನು ಬರೋವಾಗ ಇದೇ ಬಾಗಿಲ್ನಾಗೆ ನಿಂತು ನಿಮ್ಮಿಬ್ರನ್ನೂ ನೋಡ್ತಿದ್ದ. ನೀನು ಆ ಪಾಟಿ ಗೊರಕೆ ಒಡೀತಿದ್ದೆ, ಅವ್ನು ಮೂಲೇಲಿ ಸುಮ್ಕೆ ಕುಂತಿದ್ದ. ಎಬ್ಬಿಸ್ಲಾ ಅಣ್ಣ ಅಂದೆ. ಬಾಯಿ ಮೇಲೆ ಬೆರಳಿಟ್ಕೊಂಡು, ಜ್ವರಕ್ಕೆ ಕೂತವ್ರೆ, ಕದಲಿಸ್ಬಾರ್ದು ಅಂದ. ಚೀಲ ಸದ್ದಾಗ್ದಂಗೆ ಎತ್ಕೊಂಡು ಓದ."

"ತಿರ್ಗಾ ಬತ್ತಾನಂತಾ?"

"ಬೆಳೆ ಆದ್ಮೇಲೆ ನೋಡಾನ ಅಂದ. ಅಕ್ಕಾ, ಮುದ್ದೆ?"

ಮುದ್ದೆಯಾಗಿರಲಿಲ್ಲ. ಈ ಮನೆಯಲ್ಲಿ ಅಡುಗೆ ತಡವಾದದ್ದು ಯಜಮಾನರು ಸತ್ತ ದಿನ ಬಿಟ್ಟರೆ ಅಂದೇ. ಒಲೆ ಹಚ್ಚುತ್ತಾ, ನಾನೂ ಗೊರಕೆ ಹೊಡೆಯುತ್ತೇನೆಯೇ ಎಂದು ನಾಚಿಕೆಯಾಯಿತು. ಅದನ್ನು ಹೇಳಲು ಇಷ್ಟು ವರ್ಷ ಪಕ್ಕದಲ್ಲಿ ಎಚ್ಚರವಾಗಿ ಯಾರಿದ್ದರು?

ಮರುದಿನ ಬೀದಿಯ ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಕೊಡ ತುಂಬಿಸಿಕೊಂಡು ಬಂದೆ. ಮಧ್ಯಾಹ್ನ ಎಲ್ಲರ ಊಟವಾಯಿತು, ಪಾತ್ರೆ ತೊಳೆದೆ. ಆ ಹೊತ್ತು ಬಂತು. ಒಂದು ದಿನದ ಮಾತು ಬೇರೆ, ದಿನಾ ಮಲಗಿದರೆ ಕೆಲಸ ಮಾಡುವವರು ಯಾರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಕೋಣೆಯ ಬಾಗಿಲಿಗೆ ಹೋಗಿ ಇಣುಕಿದೆ.

ಚಾಪೆ ಮಗುಚಿ ಹಾಸಿತ್ತು. ತಲೆ ಕಡೆ ಕೆಂಪು ಅಂಚಿನ ಟವಲಿರಲಿಲ್ಲ. ಅದು ಮೇಲೆ, ತೊಲೆಯ ಸಂದಿಯಲ್ಲಿ ನೀಟಾಗಿ ಮಡಿಸಿ ಇಟ್ಟಿತ್ತು. ಅದರ ಜಾಗದಲ್ಲಿ ಹಿತ್ತಲ ಹಗ್ಗದ ಮೇಲೆ ಒಣಹಾಕಿದ್ದ ನನ್ನ ಹಳೇ ಸೀರೆ, ನಾಲ್ಕು ಮಡಿಕೆ ಹಾಕಿ ಇಟ್ಟಿತ್ತು.

"ಏನ್ಲಾ ಇದು?" ಎಂದೆ.

ಕೋದಂಡಪ್ಪ ಮೂಲೆಯಲ್ಲಿ ಮಂಡಿ ಮಡಿಚಿ ಕೂತು, ನಾನು ಮಲಗುವುದನ್ನೇ ಕಾಯುತ್ತಿದ್ದ. ಕೈಯ ಒದ್ದೆಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದೆ.